ಗೆದ್ದಲು ಬಿಟ್ಟಷ್ಟು ಬಿಟ್‌ಕಾಯಿನ್

ತಾಳಗುಪ್ಪದ ಸೀಮೆಯಲ್ಲಿ ಕಾಗದಕ್ಕೆ ಆಯುಸ್ಸು ಕಡಿಮೆ. ಆರಿದ್ರೆಗೆ ಹಿಡಿದ ಮಳೆ ಆಶ್ಲೇಷೆ ಕಳೆದರೂ ಬಿಡದಿದ್ದರೆ ಜಾತಕದಿಂದ ಹಿಡಿದು ಕ್ರಯಪತ್ರದವರೆಗೆ ಎಲ್ಲಕ್ಕೂ ಬೂಷ್ಟು. ಬೂಷ್ಟು ಬಿಟ್ಟದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಬೆಂಗಳೂರು ಸೇರಿದ ಮಗ ಬಿಟ್‌ಕಾಯಿನ್ ಕೊಂಡು, ಅದರ ಕೀಲಿಗಳನ್ನು ಹುಟ್ಟಿಸುವ ಗುಟ್ಟಿನ ಹನ್ನೆರಡು ಪದಗಳನ್ನು ಚೀಟಿಯಲ್ಲಿ ಬರೆದು, ಭದ್ರವಾಗಿರಲೆಂದು ಇಂಥ ಊರಿನ ಮನೆಯ ಅಟ್ಟಕ್ಕೇರಿಸಿದ ಎನ್ನಿ. ವರ್ಷಗಳ ಮೇಲೆ ಆ ದುಡ್ಡು ವಾಪಸು ಬಂದೀತೇ? ಇದನ್ನು ತೀರ್ಮಾನಿಸುವುದು ಕಂಪ್ಯೂಟರ್ ಪಂಡಿತನಲ್ಲ, ಗೆದ್ದಲು ಎಂದೇ ನನ್ನ ವಾದ.

ಲೆಕ್ಕ ನೋಡಿ. 2013ರಲ್ಲಿ ಬಂದ ಪದ್ಧತಿಯಂತೆ ಆ ಪದಗಳೆಲ್ಲ 2,048 ಪದಗಳ ಗೊತ್ತಾದ ಪಟ್ಟಿಯೊಂದರವು. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ಸಿಕ್ಕರೆ ಪದ ಸಿಕ್ಕಂತೆ. ಗೆದ್ದಲು ಬಾಲ ತಿಂದು ತಲೆ ಉಳಿಸಿದರೆ ನಷ್ಟವಿಲ್ಲ. ಒಂದು ಪದ ಪೂರ್ತಿ ಹೋದರೂ 2,048 ಸಲ ಪ್ರಯತ್ನಿಸಿದರಾಯಿತು. ಪದಗಳಿದ್ದು ಕ್ರಮ ಮರೆತಿದ್ದರೆ ಸುಮಾರು 47.9 ಕೋಟಿ ಜೋಡಣೆ. ಅದೂ ಯಂತ್ರಕ್ಕೆ ಸಾಧ್ಯ. ಹನ್ನೆರಡೂ ಹೋದರೆ ಮಾತ್ರ ಊಹಿಸಬೇಕಾದ ಸಂಖ್ಯೆ 39 ಅಂಕಿಯದು, ಕೈಬಿಡುವುದೇ ವಾಸಿ. ಆಗಲೂ ತಂದುಕೊಡುತ್ತೇವೆಂದು ಮುಂಗಡ ಕೇಳುವವರು ಕಳೆದ ಹಣದ ಜೊತೆಗೆ ಇದ್ದ ಹಣವನ್ನೂ ಕಳೆಯಲು ಬಂದವರು. ಪದಗಳ ಕಾಲಕ್ಕೂ ಹಿಂದಿನ ಬ್ಯಾಕಪ್ ಫೈಲುಗಳದ್ದು ಬೇರೆಯೇ ತಮಾಷೆ. ಅವುಗಳಲ್ಲಿ ನೂರು ಕೀಲಿ ಮುಂಗಡವಾಗಿ ಇರುತ್ತಿದ್ದವು. ಪ್ರತಿ ವ್ಯವಹಾರದಲ್ಲಿ ಖರ್ಚಾಗಿ ಉಳಿದ ಚಿಲ್ಲರೆ ಹೊಸ ಕೀಲಿಗೆ ಹೋಗುತ್ತಿತ್ತು. ಆ ನೂರು ಮುಗಿದ ಮೇಲಿನ ಚಿಲ್ಲರೆ ಹಳೆಯ ಬ್ಯಾಕಪ್ಪಿಗೆ ಸಿಗದು. ಎಷ್ಟೋ ಸಲ ಆ ಚಿಲ್ಲರೆಯೇ ದೊಡ್ಡ ಗಂಟು.

ಚೀಟಿಯೇಕೆ, ಪರದೆಯ ಮೇಲೆ ದುಡ್ಡು ಕಾಣುತ್ತದಲ್ಲ ಎಂದು ಕೇಳಬಹುದು. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರಿಗೂ ಕಂಡಿತ್ತು. ಹ್ಯಾಕಿಂಗ್ ಆರೋಪಿಯೊಬ್ಬನಿಂದ ಸುಮಾರು 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶವಾಯಿತೆಂದು ಪ್ರಕಟಿಸಿದರು. ನವೆಂಬರಿನ ವಿವರಣೆಯಲ್ಲಿ ಕಥೆ ಬದಲಾಯಿತು: ಮತ್ತೆ ತೆರೆದಾಗ ವಾಲೆಟ್ಟಿನಲ್ಲಿ 186.811 ಬಿಟ್‌ಕಾಯಿನ್! ಪರಿಣತರು ನೋಡಿದರೆ ಅದು ಯಾವುದೋ ವಿನಿಮಯ ಕೇಂದ್ರದ ಖಾತೆ. ಆರೋಪಿಯ ಬಳಿ ಕೀಲಿಯೇ ಇರಲಿಲ್ಲ. ಅದನ್ನು ಮುಟ್ಟದೆ ಬಿಟ್ಟರು. ಕಳವಾದ ಮಾಲು ಪೊಲೀಸ್ ವಶದಲ್ಲಿ ಬೆಳೆದದ್ದು ಅಪರೂಪ.

ಸ್ಟೀಲ್ ತಗಡಿನ ಮೇಲೆ ಕೆತ್ತಿಸಿಡಿ ಎನ್ನುವವರೂ ಉಂಟು. ಗೆದ್ದಲಿಗೆ ಅದು ತಕ್ಕ ಉತ್ತರವೇ, ಗುಜರಿಯವನಿಗೆ ಅಲ್ಲ. ವೇಲ್ಸ್‌ನ ನ್ಯೂಪೋರ್ಟಿನಲ್ಲಿ 2013ರಲ್ಲಿ ಹಾರ್ಡ್ ಡಿಸ್ಕ್ ಒಂದು ಕಸಕ್ಕೆ ಹೋಗಿ ಸುಮಾರು 8,000 ಬಿಟ್‌ಕಾಯಿನ್ ಗುಡ್ಡದಡಿ ಸೇರಿದವು; ಅದರ ಒಡೆಯ ಹೂಡಿದ ದಾವೆಯನ್ನು 2025ರ ಜನವರಿಯಲ್ಲಿ ಹೈಕೋರ್ಟ್ ವಜಾ ಮಾಡಿತು. ಆದ್ದರಿಂದ ತಗಡಾಗಲಿ ಚೀಟಿಯಾಗಲಿ, ಏನೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಬೇಕು. ಹೇಳಿದರೆ ಅಪ್ಪಯ್ಯ, ‘ಸಾಗರದ ಮಂಡಿಯಲ್ಲಿ ಇದಕ್ಕೆ ಎಷ್ಟು ಕ್ವಿಂಟಾಲ್ ಅಡಿಕೆ ಬರುತ್ತದೋ?’ ಎಂದು ಕೇಳುವುದು ಖಂಡಿತ. ಬೆಳಿಗ್ಗೆ ಕೊಟ್ಟ ಉತ್ತರ ಸಂಜೆಗೆ ಸುಳ್ಳಾಗಿರುತ್ತದೆ, ಅಷ್ಟೆ.