ಎಷ್ಟದ ಅಲ್ಲಿ?

ಕಲಬುರಗಿಯ ನಿವೃತ್ತ ಇಂಜಿನಿಯರ್ ಸಾಹೇಬರು ಮೇ ತಿಂಗಳಲ್ಲಿ ಊಟಿಗೆ ಹೋಗುವುದು ತಂಪಿಗಾಗಿ ಎಂದು ನಂಬಿದವರುಂಟು. ತಂಪು ಅವರಿಗೆ ಆಗಿಬರುವುದೇ ಇಲ್ಲ. ಮಂಕಿ ಕ್ಯಾಪು, ಅದರ ಮೇಲೆ ಮಫ್ಲರ್, ಸ್ವೆಟರಿನ ಮೇಲೊಂದು ಸ್ವೆಟರ್. ಹೊರಗೆ ಕಾಣುವುದು ಕನ್ನಡಕ ಮಾತ್ರ. ಕನ್ನಡಕದ ಮುಂದೆ ಮೊಬೈಲು. ಮೊಬೈಲಿನಲ್ಲಿ ಕಲಬುರಗಿಯ ಉಷ್ಣಾಂಶ.

ಬೆಳಗಿನ ಮೊದಲ ಫೋನು ಊರಿನ ಹಳೆಯ ಸಹೋದ್ಯೋಗಿಗೆ. "ಎಷ್ಟದ ಅಲ್ಲಿ?"

"ಇನ್ನಾ ಹನ್ನೊಂದಾಗಿಲ್ಲ, ಆಗಲೇ 38 ರೀ."

"ಅಯ್ಯಯ್ಯ!" ಈ ಉದ್ಗಾರದಲ್ಲಿ ಕನಿಕರ ಇಲ್ಲವೆನ್ನಲಾರೆ. ಕಿವಿಗೊಟ್ಟರೆ ಕೊಟ್ಟ ಸಾಲಕ್ಕೆ ಬಡ್ಡಿ ಬಂದವನ ಸುಖವೂ ಕೇಳುತ್ತದೆ. "ನಾ ಇಲ್ಲಿ ಥಂಡಿಗೆ ಸೆಟದು ಕುಂತೀನಿ ನೋಡು." ಊರಲ್ಲಿ ಬಿಸಿಲಿಲ್ಲದಿದ್ದರೆ ಇಲ್ಲಿಯ ಚಳಿಗೆ ಬೆಲೆ ಎಲ್ಲಿಯದು? ಮಧ್ಯಾಹ್ನದ ಫೋನಿಗೆ 42 ಮುಟ್ಟಿತೆಂದರೆ ಅಂದು ಸಾಹೇಬರಿಗೆ ಒಂದು ರೊಟ್ಟಿ ಹೆಚ್ಚೇ ಹೋಗುತ್ತದೆ.

ರೊಟ್ಟಿ ಮನೆಯದೇ. ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಕೆಂಪು ಖಾರ ಎಲ್ಲವನ್ನೂ ಮನೆಯವರು ಕಟ್ಟಿ ತಂದಿದ್ದಾರೆ. ಸಾಹೇಬರಿಗೆ ಸರ್ಕಾರ ಅರವತ್ತಕ್ಕೆ ನಿವೃತ್ತಿ ಕೊಟ್ಟಿತು. ಮನೆಯವರ ಕಡತ ಯಾವ ಮೇಜಿನ ಮೇಲೆ ಕೂತಿದೆಯೋ, ಕಾಟೇಜಿನ ಗ್ಯಾಸ್ ಒಲೆಯ ಮುಂದೆ ನಿಂತೇ ಇದ್ದಾರೆ.

ಬರುವ ದಾರಿಯಲ್ಲಿ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಬೇರೆಯವರು ಕಾಡು ನೋಡಿದರೆ ಇವರು ನೋಡಿದ್ದು ತಡೆಗೋಡೆ. "ಮೋರಿಗೆ ಇಳಿಜಾರೇ ಇಲ್ಲ. ಯಾವನವ ಬಿಲ್ ಪಾಸ್ ಮಾಡಿದಾಂವ?" 2024ರಿಂದ ಊಟಿಗೆ ಇ-ಪಾಸ್ ಬೇಕು. ಬೆಂಗಳೂರಿನ ಮಗ ಅದನ್ನು ಮೊಬೈಲಿಗೆ ಕಳಿಸಿದ್ದ. ಸಾಹೇಬರು ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಎರಡು ಜೆರಾಕ್ಸ್ ಸಮೇತ ತಂದರು. ಚೆಕ್‌ಪೋಸ್ಟಿನ ಹುಡುಗ ಮೊಬೈಲು ನೋಡಿ ಬಿಟ್ಟುಬಿಟ್ಟದ್ದು ಅವರಿಗಾದ ದೊಡ್ಡ ನಿರಾಶೆ.

ಸಂಜೆ ಪಕ್ಕದ ಕಾಟೇಜಿನವರು ಸಿಕ್ಕರೆ ಲೆಕ್ಕದ ಪಾಠ. ಊಟಿ 2,240 ಮೀಟರ್ ಎತ್ತರ, ಕಲಬುರಗಿ ಸುಮಾರು 450. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಹನ್ನೆರಡು ಡಿಗ್ರಿ ಇಳಿಯಬೇಕು. 42ರಲ್ಲಿ 12 ಕಳೆದರೆ 30. ಇಲ್ಲಿರುವುದು 23. "ಹಂಗಾದ್ರ ಉಳದ ಏಳು ಡಿಗ್ರಿ?" ಎಂದು ಯಾರಾದರೂ ಕೇಳಲೆಂದೇ ಕಾಯುತ್ತಾರೆ. "ಅದು ನಮ್ಮೂರಿನ ಸ್ವಂತ ದುಡಿಮಿ!"

ಆಮೇಲೆ ಇತಿಹಾಸ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಇಲ್ಲಿ ಮನೆ ಕಟ್ಟಿದ್ದು, ಮುಂದೆ ಮದ್ರಾಸ್ ಸರ್ಕಾರ ಬೇಸಿಗೆಗೆ ಕಡತ ಸಮೇತ ಗುಡ್ಡ ಹತ್ತುತ್ತಿದ್ದದ್ದು. "ಅವರಿಗೆ ಊಟಿ. ನಮಗೇನು ಸಿಕ್ತು? ಮುಂಜಾನೆ ಎಂಟರಿಂದ ಒಂದೂವರಿ!" ಏಪ್ರಿಲ್-ಮೇನಲ್ಲಿ ಕಲಬುರಗಿಯ ಕಚೇರಿ ವೇಳೆ ಅದು. ಇಲ್ಲಿಯೂ ಎಂಟಕ್ಕೆ ಸರಿಯಾಗಿ ಅವರು ಕುರ್ಚಿ ಹಾಕಿಕೊಂಡು ಕೂರುವುದನ್ನು ಕಂಡರೆ ಹಾಜರಿ ಪುಸ್ತಕ ತಂದಿಡೋಣ ಅನ್ನಿಸುತ್ತದೆ. ಮನೆಯವರು ಬೊಟಾನಿಕಲ್ ಗಾರ್ಡನ್ ಎಂದಾಗಲೆಲ್ಲ ಒಂದೇ ಉತ್ತರ: "1848ರ ತೋಟ ಅದು, ಎಲ್ಲಿ ಓಡಿಹೋಗ್ತದ? ನಾಳಿ ನೋಡಿದ್ರಾತು."

ಒಂದು ಬೆಳಿಗ್ಗೆ ಫೋನಿನ ಆ ತುದಿಯಲ್ಲಿ ದನಿ ಬೇರೆಯೇ ಇತ್ತು. "ರಾತ್ರಿ ಗಾಳಿ-ಮಳಿ ಭಾಳ ಆತ್ರಿ. ಫ್ಯಾನ್ ಬಂದ್ ಮಾಡಿ ಮಲಗೀವಿ."

"ಎಷ್ಟದ ಈಗ?"

"25 ರೀ."

ಸಾಹೇಬರು ಮೊಬೈಲು ನೋಡಿದರು. ಅದೂ 25 ಎಂದಿತು. ಮಫ್ಲರ್ ಬಿಚ್ಚಿ ಒಳಗೆ ಕೂಗಿದರು: "ಏ, ಕೇಳಿದೇನ? ಕಾಟೇಜಿನ ಬಾಡಿಗಿ ಡಿಗ್ರಿಗೆ ಎಷ್ಟು ಬಿತ್ತು ಲೆಕ್ಕಾ ಹಾಕು. ನಾಳಿನ ಗಾಡಿಗೇ ಊರಿಗೆ ಹೋಗೂಣು."

ಮನೆಯವರು ಚಪ್ಪಲಿ ಮೆಟ್ಟಿಕೊಂಡೇ ಹೊರಗೆ ಬಂದರು. "ಲೆಕ್ಕಾ ನೀವೇ ಹಾಕ್ರಿ. ರೊಟ್ಟಿ ಡಬ್ಬಿಯೊಳಗ ಅವ. 1848ರಿಂದ ಕಾಯಾಕತ್ತದ ಆ ತೋಟ, ನಾ ನೋಡಿ ಬರ್ತೀನಿ."