ಮೃತ್ತಿಕಾಲೇಪ ಮೀಮಾಂಸೆ

ಜಿಡ್ಡು ಮುಖಕ್ಕೆ ಯಾವ ಮಣ್ಣು ಹಚ್ಚಬೇಕೆಂಬುದು ಚರ್ಮವೈದ್ಯರ ಪ್ರಶ್ನೆಯೆಂದು ಲೋಕ ನಂಬಿದೆ. ಅದು ಮೂಲತಃ ತರ್ಕಶಾಸ್ತ್ರದ್ದೆಂದು ಸಾಧಿಸುವುದೇ ಈ ಪ್ರಬಂಧದ ಪ್ರಯೋಜನ. ಪೂರ್ವಪಕ್ಷ ಹೀಗಿದೆ: ಎಲ್ಲಿ ಜಿಡ್ಡೋ ಅಲ್ಲಿ ಮೊಡವೆ; ಮಣ್ಣು ಜಿಡ್ಡನ್ನು ಹೀರುತ್ತದೆ; ಆದ್ದರಿಂದ ಮಣ್ಣು ಮೊಡವೆಯನ್ನೂ ಹೀರುತ್ತದೆ. ಹೊಗೆ ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರು ಸಹ, ಬೀಸಣಿಗೆಯಿಂದ ಹೊಗೆ ಓಡಿಸಿದರೆ ಬೆಂಕಿ ಆರೀತೆಂದು ಎಲ್ಲೂ ವಾದಿಸಲಿಲ್ಲ. ಜಿಡ್ಡು ಸುರಿಸುವ ಗ್ರಂಥಿಗಳಿರುವುದು ಚರ್ಮದ ಒಳಪದರದಲ್ಲಿ. ಅವು ಆಂಡ್ರೊಜನ್ ಹಾರ್ಮೋನಿನ ಮಾತು ಕೇಳುತ್ತವೆಯೇ ಹೊರತು ಮಣ್ಣಿನ ಮಾತನ್ನಲ್ಲ. ರೋಮಕೂಪ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ, ಕೆಂಪೇರಿದ ಮೇಲೆ ಮಣ್ಣಿನ ಲೇಪದ ಅಧಿಕಾರವ್ಯಾಪ್ತಿ ಮುಗಿಯಿತು. ಹಾಗಾಗಿ ಮಣ್ಣನ್ನು ಮೊಡವೆಯ ಮದ್ದೆಂದು ಆರಿಸುವುದು ಹೇತ್ವಾಭಾಸ. ಮೇಲ್ಮೈಯ ಜಿಡ್ಡಿಗೆಂದು ಆರಿಸುವುದು ಶಾಸ್ತ್ರಸಮ್ಮತ.

ಇನ್ನು ಮತಭೇದಗಳು. ಮುಲ್ತಾನಿ ಮಿಟ್ಟಿ, ಬೆಂಟೊನೈಟ್, ಕೇಯೋಲಿನ್ ಎಂದು ಮೂರು ಪಂಥಗಳಿವೆ. ಬೆಂಟೊನೈಟಿನ ಮುಖ್ಯ ಖನಿಜವಾದ ಮಾಂಟ್ಮೊರಿಲೊನೈಟ್ ತನ್ನ ಪದರಗಳ ನಡುವೆ ನೀರನ್ನು ಬಿಟ್ಟುಕೊಂಡು ಉಬ್ಬುತ್ತದೆ, ಚೆನ್ನಾಗಿ ಹೀರುತ್ತದೆ. ಮುಲ್ತಾನಿಯೂ ಸಾಮಾನ್ಯವಾಗಿ ಇದೇ ಗೋತ್ರದ್ದು. ಊರು ಮುಲ್ತಾನವೆಂದು ಹೇಳಿಕೊಂಡರೂ ರಾಜಸ್ಥಾನದ ಬಾಡಮೇರ್, ಬಿಕಾನೇರ್ ಕಡೆಯ ಗಣಿಗಳಲ್ಲೂ ಹುಟ್ಟುತ್ತದೆ. ಕೇಯೋಲಿನ್ ಪದರಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಉಬ್ಬದ, ಮಿತವಾಗಿ ಹೀರುವ ಸಾತ್ವಿಕ ಮಣ್ಣು. ಹಣೆ ಮೂಗುಗಳಲ್ಲಿ ಎಣ್ಣೆ ಮಿನುಗುವ ಗಟ್ಟಿ ಚರ್ಮಕ್ಕೆ ಮೊದಲೆರಡು ಸಲ್ಲುತ್ತವೆ. ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಎಂಬ ಮೊಡವೆ ಮದ್ದು ಹಚ್ಚಿ ಆಗಲೇ ಸಿಪ್ಪೆಯೇಳುತ್ತಿರುವ ಮುಖಕ್ಕೆ ಕೇಯೋಲಿನ್ನೇ ಗತಿ. ಉರಿಯಿದ್ದರೆ ಅದೂ ಬೇಡ.

ಆಕ್ಷೇಪಗಳಿಗೆ ಸಮಾಧಾನ. 'ಮುಖ ಬಿಗಿಯುವುದೇ ಪ್ರತ್ಯಕ್ಷ ಪ್ರಮಾಣ' ಎಂಬವರಿಗೆ: ಬಿಗಿಯುವುದು ನೀರು ಆರಿ ಮಣ್ಣು ಕುಗ್ಗುವುದರಿಂದ, ಅಕ್ಕಿಹಿಟ್ಟು ಕಲಸಿ ಹಚ್ಚಿದರೂ ಬಿಗಿಯುತ್ತದೆ. ನಗಲು ಹೋದರೆ ಬಾಯಿಯ ಇಕ್ಕೆಲದಲ್ಲಿ ಬಿರುಕು ಬಿಟ್ಟು ಪುಡಿ ಉದುರುವಷ್ಟು ಕಾದರೆ ತಡವಾಯಿತೆಂದೇ ಅರ್ಥ. 'ನಿಂಬೆರಸ ಬೆರೆಸಬೇಕು' ಎಂಬ ಪಕ್ಕದ ಮನೆಯ ಆಂಟಿಯ ಆಪ್ತವಾಕ್ಯಕ್ಕೆ: ಚರ್ಮದ ಪಿಎಚ್ ಸುಮಾರು 5, ನಿಂಬೆಯದು 2ರ ಆಸುಪಾಸು, ಆ ಮೂರು ಮೆಟ್ಟಿಲೆಂದರೆ ಸಾವಿರ ಪಟ್ಟು ಹುಳಿ. ಬರಿ ನೀರು ಸಾಕು. 'ವಿಷ ಹೀರುತ್ತದೆ' ಎಂಬ ಪ್ಯಾಕೆಟ್ಟಿನ ವಾಕ್ಯದಲ್ಲಿ ವಿಷದ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ. ಅಪೌರುಷೇಯವೆಂಬ ಒಂದೇ ಕಾರಣಕ್ಕೆ ಅದನ್ನು ಪ್ರಮಾಣವೆಂದು ಒಪ್ಪಲಾಗದು. ಪ್ಯಾಕೆಟ್ಟಿನ ಹಿಂಬದಿಯ ಸಣ್ಣಕ್ಷರವೇ ಶ್ರುತಿ. ಅಲ್ಲಿ ಸುಗಂಧದ ಹೆಸರು ಇಲ್ಲದಿರುವುದೇ ಶುಭಲಕ್ಷಣ.

ಕಡೆಯ ಆಕ್ಷೇಪ ಪ್ರಬಲವಾದುದು: 'ಹಚ್ಚಿದ ವಾರದಲ್ಲೇ ಮೊಡವೆ ಹೋಯಿತಲ್ಲ!' ಸಣ್ಣ ಮೊಡವೆ ಏನೂ ಹಚ್ಚದಿದ್ದರೂ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುವುದುಂಟು. ಇದು ಶುದ್ಧ ಕಾಕತಾಲೀಯ ನ್ಯಾಯ. ತಾಳೆಹಣ್ಣು ಬಿದ್ದದ್ದು ನಿಜ, ಕಾಗೆ ಕೂತದ್ದೂ ನಿಜ. ವಾರಕ್ಕೊಮ್ಮೆ ಬಂದು ಹತ್ತು ನಿಮಿಷಕ್ಕೆ ಎದ್ದುಹೋಗುವುದಾದರೆ ಕಾಗೆ ಕೂರುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ಹಣ್ಣಿನ ಲೆಕ್ಕವನ್ನು ಮಾತ್ರ ಅದರ ಖಾತೆಗೆ ಬರೆಯಬಾರದು.