ಖಡಕ್ ರೊಟ್ಟಿ, ಕಲಂ ನಾಲ್ಕು ಮತ್ತು ಕಡೇಚೂರಿನ ಮೂಗು

ಒಂದು ವಸ್ತುವಿನಲ್ಲಿ ಅಡಗಿರುವ ಲಕ್ಷಣಗಳು ಅದರಿಂದ ಬಯಸಿದ ಅಗತ್ಯಗಳನ್ನು ಎಷ್ಟರಮಟ್ಟಿಗೆ ಪೂರೈಸುತ್ತವೆಯೋ ಅಷ್ಟೇ ಅದರ ಗುಣಮಟ್ಟ ಎಂದು ಐಎಸ್‌ಒ 9000 ಎಂಬ ಅಂತರರಾಷ್ಟ್ರೀಯ ಮಾನಕವು ನಿರ್ವಚಿಸುತ್ತದೆ. ಮಾನಕವೆಂದರೆ ಒಂದು ಕೆಲಸ ಹೇಗಿರಬೇಕೆಂದು ಹಲವರು ಕೂಡಿ ಒಪ್ಪಿ ಬರೆದಿಟ್ಟ ಅಳತೆಗೋಲು. ಈ ನಿರ್ವಚನದಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ಶಬ್ದಗಳು ಎಲ್ಲಿಯೂ ಬಾರದಿರುವುದು ಮೇಲ್ನೋಟಕ್ಕೆ ಗೊಂದಲ ಹುಟ್ಟಿಸುವುದಾದರೂ, ಯಾದಗಿರಿ ಸೀಮೆಯ ಜೋಳದ ರೊಟ್ಟಿಯನ್ನು ಮುಂದಿಟ್ಟುಕೊಂಡರೆ ಯಾವ ಭಾಷ್ಯಕಾರನ ಹಂಗೂ ಇಲ್ಲದೆ ಅರ್ಥ ತಿಳಿಯಾಗುತ್ತದೆ. ಒಂದೇ ಹಿಟ್ಟು, ಒಂದೇ ಕೈ, ಒಂದೇ ಹಂಚಿನಿಂದ ಬಂದರೂ ಬಿಸಿರೊಟ್ಟಿ ಮಡಚಿದರೆ ಮುರಿಯಬಾರದು, ಖಡಕ್ ರೊಟ್ಟಿ ಮಡಚಿದರೆ ಮುರಿಯದೆ ಇರಬಾರದು. ಮಳೆಗಾಲದ ತಂಪಿಗೆ ಮೆತ್ತಗಾದ ಖಡಕ್ ರೊಟ್ಟಿಯನ್ನು ಮಾನಕದ ಭಾಷೆಯಲ್ಲಿ ‘ಅನನುರೂಪ’ ಎನ್ನಬೇಕಾಗುತ್ತದೆ, ಅಂದರೆ ಹೇಳಿದ್ದಕ್ಕೂ ಆದದ್ದಕ್ಕೂ ತಾಳೆಯಾಗದ್ದು. ಕಾರ್ಖಾನೆಗಳಲ್ಲಿ ಅದಕ್ಕೆ ನಾನ್‌ಕನ್ಫರ್ಮಿಟಿ ಎಂಬ ಹೆಸರಿದ್ದು, ಅಷ್ಟುದ್ದ ಹೇಳಲು ಪುರುಸೊತ್ತಿಲ್ಲದವರು ಎನ್‌ಸಿ ಎನ್ನುತ್ತಾರೆ. ಹಿಂದಿನ ಕಾಲದ ಅತ್ತೆಯರು ರೊಟ್ಟಿ ಮುರಿದ ಸಪ್ಪಳ ಕೇಳಿಯೇ ಸೊಸೆಯರಿಗೆ ಕೊಡುತ್ತಿದ್ದ ಎನ್‌ಸಿಗಳಿಗೆ ನಮೂನೆಯೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ.

ಈ ಎನ್‌ಸಿ ಎಂಬ ಎರಡಕ್ಷರ ಕಡೇಚೂರಿನ ಚಹಾದಂಗಡಿಯ ಮಾತುಕತೆಗೂ ಇಳಿದು ಬರುವಂತಾದುದಕ್ಕೆ ಕಾರಣ, ಯಾದಗಿರಿ–ರಾಯಚೂರು ದಾರಿಯಲ್ಲಿ ಸೈದಾಪುರದ ಹತ್ತಿರ, ತೊಗರಿ ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಮೂರು ಸಾವಿರಕ್ಕೂ ಹೆಚ್ಚು ಎಕರೆ ಸ್ವಾಧೀನಪಡಿಸಿಕೊಂಡು ರೂಪಿಸಿದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ. ರೈಲು ಬೋಗಿಯ ಚೌಕಟ್ಟು ತಯಾರಿಸುವ ಘಟಕವೂ, ಔಷಧ ಮತ್ತು ರಾಸಾಯನಿಕಗಳ ಕಾರ್ಖಾನೆಗಳೂ ಅಲ್ಲಿಗೆ ಬಂದವು. ಕಾರ್ಖಾನೆ ಬಂದಲ್ಲಿಗೆ ಆಡಿಟ್ ಬರುವುದು ಕಬ್ಬು ಇದ್ದಲ್ಲಿಗೆ ಇರುವೆ ಬಂದಷ್ಟೇ ಸಹಜ. ಔಷಧ ಕಾರ್ಖಾನೆಗಳಿಗೆ ಕಾನೂನಿನ ತಪಾಸಣೆ ಬೇರೆಯೇ ಇದ್ದು ಅದು ಕಡ್ಡಾಯ. ಐಎಸ್‌ಒ ಆಡಿಟ್ ಹಾಗಲ್ಲ. ಅದು ಹಣ ತೆತ್ತು ತಾವಾಗಿಯೇ ಕರೆಸಿಕೊಳ್ಳುವ ತಪಾಸಣೆಯಾದುದರಿಂದ, ಬೀಗರನ್ನು ಕರೆದು ಅಡುಗೆಯಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಹೇಳಿರೆಂದು ಕೇಳುವ ಧೈರ್ಯಕ್ಕೆ ಅದನ್ನು ಹೋಲಿಸಬಹುದು.

ಐಎಸ್‌ಒ ಎಂಬುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆ. 1946ರಲ್ಲಿ ಲಂಡನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ನಿಶ್ಚಯಿಸಿ, 1947ರ ಫೆಬ್ರವರಿಯಲ್ಲಿ ಅದು ಕೆಲಸ ಆರಂಭಿಸಿತು. ಹೆಸರನ್ನು ಗ್ರೀಕ್ ಭಾಷೆಯ ‘ಐಸೋಸ್’, ಅಂದರೆ ಸಮ, ಎಂಬ ಶಬ್ದದಿಂದ ತೆಗೆದುಕೊಂಡುದಾಗಿ ಸಂಸ್ಥೆಯೇ ಹೇಳಿಕೊಳ್ಳುತ್ತದೆ. ಎಲ್ಲರಿಗೂ ಸಮವಾದ ಅಳತೆ ಬೇಕೆಂಬ ಹಂಬಲ ಕನ್ನಡ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಶಾಸನಗಳಲ್ಲಿ ಭೂಮಿ ಅಳೆಯಲು ‘ಭೇರುಂಡ ಗಳೆ’ ಎಂಬ ಕೋಲಿನ ಹೆಸರು ಬರುವುದನ್ನು ಬಲ್ಲವರಿಗೆ, ಒಪ್ಪಿದ ಅಳತೆಯನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸುವ ಬುದ್ಧಿ ಜಿನೀವಾಕ್ಕಿಂತ ಬಹು ಹಿಂದಿನದೆಂದು ಗೊತ್ತು. ಆದರೆ ಗಳೆ ಹೊಲವನ್ನು ಅಳೆಯುತ್ತಿತ್ತು. 1987ರಲ್ಲಿ, ಬ್ರಿಟನ್ನಿನ ಬಿಎಸ್ 5750 ಎಂಬ ಮಾನಕದ ಬೆನ್ನಿಗೆ ಹುಟ್ಟಿದ ಐಎಸ್‌ಒ 9001 ಹೊಲವನ್ನಲ್ಲ, ಹೊಲ ಅಳೆಯುವವನ ಶಿಸ್ತನ್ನು ಅಳೆಯಲು ಹೊರಟಿತು. ಇದನ್ನೇ ನಿರ್ವಹಣಾ ವ್ಯವಸ್ಥೆಯ ಮಾನಕವೆನ್ನುತ್ತಾರೆ. ಪರಿಸರಕ್ಕೆ 1996ರಲ್ಲಿ ಐಎಸ್‌ಒ 14001, ಕೆಲಸಗಾರರ ಸುರಕ್ಷತೆಗೆ 2018ರಲ್ಲಿ ಐಎಸ್‌ಒ 45001 ಬಂದವು, ಕುಟುಂಬ ಬೆಳೆಯಿತು, ಫೈಲುಗಳ ಕಪಾಟೂ ಬೆಳೆಯಿತು.

ಸಾಮಾನ್ಯರ ತಿಳಿವಳಿಕೆಗೆ ವಿರುದ್ಧವಾಗಿ, ಐಎಸ್‌ಒ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಅದು ನಿಯಮ ಬರೆದು ಕೈತೊಳೆದುಕೊಳ್ಳುತ್ತದೆ. ಪತ್ರ ಕೊಡುವವು ಬೇರೆ ಸಂಸ್ಥೆಗಳು, ಆ ಸಂಸ್ಥೆಗಳು ಯೋಗ್ಯವೇ ಎಂದು ನೋಡುವುದಕ್ಕೆ ಭಾರತದಲ್ಲಿ ಗುಣಮಟ್ಟ ಮಂಡಳಿಯ ಅಂಗವಾದ ಎನ್‌ಎಬಿಸಿಬಿ ಇದೆ, ಅಂಥ ರಾಷ್ಟ್ರೀಯ ಮಂಡಳಿಗಳು ತಮ್ಮ ತಮ್ಮಲ್ಲಿಯೇ ಪರಸ್ಪರ ಪರೀಕ್ಷಿಸಿಕೊಳ್ಳುತ್ತವೆ. ಭೂಮಿಯನ್ನು ಆನೆಗಳು ಹೊತ್ತಿವೆ, ಆನೆಗಳನ್ನು ಆಮೆ ಹೊತ್ತಿದೆ ಎಂಬ ಪುರಾಣವನ್ನು ಕೇಳಿ ಆಮೆಯ ಕೆಳಗೆ ಏನಿದೆಯೆಂದು ಕೇಳದೆ ಬೆಳೆದವರಿಗೆ ಈ ಏರ್ಪಾಟು ತೊಡಕೆನಿಸಲಾರದು. ಈ ಸರಪಳಿಗೆ ಸೇರದೆ, ಒಂದೇ ದಿನದಲ್ಲಿ ಪತ್ರವನ್ನು ವಾಟ್ಸ್ಆ್ಯಪಿಗೆ ಕಳಿಸಿಕೊಡುವ ಮಹನೀಯರೂ ಮಾರುಕಟ್ಟೆಯಲ್ಲಿದ್ದಾರೆ. ಅವರ ದಯೆಯಿಂದ ಟ್ಯೂಷನ್ ಕ್ಲಾಸಿನ ಬೋರ್ಡಿನ ಕೆಳಗೂ ‘ಐಎಸ್‌ಒ 9001:2015 ಪ್ರಮಾಣಿತ’ ಎಂಬ ಸಾಲು ಕಂಗೊಳಿಸುತ್ತದೆ.

ಸರಿಯಾದ ದಾರಿಯಲ್ಲಿ ಪಡೆದ ಪತ್ರದ ಆಯುಷ್ಯ ಮೂರು ವರ್ಷ. ಮೊದಲು ಎರಡು ಹಂತಗಳಲ್ಲಿ ಪೂರ್ಣ ಆಡಿಟ್ ನಡೆದು, ಬಳಿಕ ವರ್ಷಕ್ಕೊಮ್ಮೆ ‘ಕಣ್ಗಾವಲು ಆಡಿಟ್’ ಎಂಬುದು ಬರುತ್ತದೆ. ಹೆಸರು ಕೇಳಿದರೆ ಕಳ್ಳರನ್ನು ಹಿಡಿಯಲು ಬಂದಂತೆ ತೋರಿದರೂ, ದಿನಾಂಕವನ್ನು ಮುಂಚಿತವಾಗಿ ತಿಳಿಸಿಯೇ ಬರುವುದರಿಂದ ಅದು ಜಾತ್ರೆಗೆ ಹೆಚ್ಚು ಹತ್ತಿರ. ಪೀಣ್ಯದಿಂದ ಕಡೇಚೂರಿನವರೆಗೆ ಯಾವ ಒಂದು ಕಾರ್ಖಾನೆಗೂ ಸೀಮಿತವಲ್ಲದ ಈ ಜಾತ್ರೆಯ ಲಕ್ಷಣಗಳನ್ನು ಹೇಳುವುದಾದರೆ, ಹಿಂದಿನ ವಾರ ನೆಲದ ಮೇಲಿನ ಹಳದಿ ಗೆರೆಗಳು ಮರುಹುಟ್ಟು ಪಡೆಯುತ್ತವೆ. ಬೆಂಕಿ ಆರಿಸುವ ಸಿಲಿಂಡರುಗಳಿಗೆ ಹೊಸ ಚೀಟಿ ಬೀಳುತ್ತದೆ. ಜನವರಿಯಿಂದ ಖಾಲಿ ಬಿದ್ದಿದ್ದ ರಿಜಿಸ್ಟರ್ ಒಂದೇ ರಾತ್ರಿಯಲ್ಲಿ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಮೂರೂ ಶಿಫ್ಟುಗಳ ಪರವಾಗಿ ತುಂಬಿಕೊಳ್ಳುತ್ತದೆ. ಅನುಭವಿಗಳು ಪೆನ್ನು ಬದಲಿಸುತ್ತಾರೆ. ಇನ್ನೂ ಅನುಭವಿಗಳು ಪುಟದ ಮೇಲೆ ಒಂದಿಷ್ಟು ಚಹಾ ಚೆಲ್ಲುತ್ತಾರೆ.

ಅಳತೆಯ ಉಪಕರಣವೇ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಿ ಅದಕ್ಕೆ ದಿನಾಂಕದ ಚೀಟಿ ಅಂಟಿಸುವ ಕ್ರಿಯೆಗೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಪರಿಶೀಲಿಸದ ತಕ್ಕಡಿಯ ಮೇಲೆ ಬರೆದ ಲೆಕ್ಕಕ್ಕೆ ಬೆಲೆಯಿಲ್ಲವೆಂಬ ಸರಳ ಸತ್ಯ ಅದರ ಹಿಂದಿದೆ. ಆದರೆ ಆಯುಧಪೂಜೆ ಮುಗಿದ ತಿಂಗಳಲ್ಲಿ ಬರುವ ಆಡಿಟರಿಗೆ ಒತ್ತಡಮಾಪಕದ ಮೇಲೆ ಕಾಣುವುದು ವಿಭೂತಿಯ ಮೂರು ಪಟ್ಟಿ ಮತ್ತು ನಡುವೆ ಕುಂಕುಮ, ಅದರ ಅಡಿಯಲ್ಲಿ ಎಲ್ಲೋ ಚೀಟಿಯ ದಿನಾಂಕ. ಕುಂಕುಮ ಒರೆಸಿದರೆ ಹೆಲ್ಪರ್ ನೊಂದುಕೊಳ್ಳುತ್ತಾನೆ, ಒರೆಸದಿದ್ದರೆ ಮಾನಕ ನೊಂದುಕೊಳ್ಳುತ್ತದೆ. ಎರಡೂ ಪಕ್ಷಗಳು ಯಂತ್ರ ಸುಳ್ಳು ಹೇಳದಿರಲಿ ಎಂದೇ ಬಯಸಿದ್ದರೂ ಪ್ರಾರ್ಥನೆಯ ವಿಧಾನದಲ್ಲಿ ಮಾತ್ರ ಭೇದವಿರುವುದನ್ನು ಇಲ್ಲಿ ಗಮನಿಸಬೇಕು.

ತಪ್ಪು ಸಿಕ್ಕ ಮೇಲೆ ಅದರ ಮೂಲ ಹುಡುಕುವುದು ಮುಂದಿನ ಘಟ್ಟ. ಜಪಾನಿನ ಟೊಯೊಟಾ ಕಾರ್ಖಾನೆಯಿಂದ ಪ್ರಸಿದ್ಧವಾದ ‘ಐದು ಏಕೆ’ ಎಂಬ ವಿಧಾನದಲ್ಲಿ, ಮಗು ಕೇಳಿದಂತೆ ಒಂದರ ಮೇಲೊಂದು ಏಕೆ ಎಂದು ಕೇಳುತ್ತಾ ಬೇರಿಗೆ ಇಳಿಯಬೇಕು. ವಾಲ್ವ್ ಏಕೆ ಸೋರಿತು? ವಾಷರ್ ಸವೆದಿತ್ತು. ಏಕೆ ಬದಲಿಸಲಿಲ್ಲ? ಸ್ಟೋರಿನಲ್ಲಿ ಇರಲಿಲ್ಲ. ಏಕೆ ಇರಲಿಲ್ಲ? ಖರೀದಿಯ ಕಾಗದಕ್ಕೆ ಸಹಿ ಬಿದ್ದಿರಲಿಲ್ಲ. ಏಕೆ ಬಿದ್ದಿರಲಿಲ್ಲ? ಸಾಹೇಬರು ಆಡಿಟ್ ತಯಾರಿಯ ಮೀಟಿಂಗಿನಲ್ಲಿದ್ದರು. ಐದನೆಯ ಏಕೆಯನ್ನು ಕೇಳುವ ಮೊದಲೇ ಚಹಾ ಬರುವುದರಿಂದ ವಿಚಾರಣೆ ಅಲ್ಲಿಗೆ ನಿಂತು, ನಮೂನೆಯಲ್ಲಿ ‘ಸಂಬಂಧಪಟ್ಟ ಕಾರ್ಮಿಕನಿಗೆ ತರಬೇತಿ ನೀಡಲಾಗಿದೆ’ ಎಂಬ ವಾಕ್ಯ ಬೀಳುತ್ತದೆ. ಜಗತ್ತಿನ ಯಾವ ದೋಷಕ್ಕೂ ಹೊಂದುವ ವಾಕ್ಯವಿದು. ತಾತ್ಕಾಲಿಕವಾಗಿ ಸರಿಪಡಿಸುವುದು ಬೇರೆ, ಕಾರಣವನ್ನೇ ಕಿತ್ತು ಹಾಕುವುದು ಬೇರೆ ಎಂದು ಮಾನಕ ಸ್ಪಷ್ಟವಾಗಿಯೇ ಬಿಡಿಸಿ ಹೇಳುತ್ತದೆಯಾದ್ದರಿಂದ, ಈ ವಿಷಯದಲ್ಲಿ ಅದನ್ನು ಬರೆದವರನ್ನು ದೂರುವಂತಿಲ್ಲ. ಒಟ್ಟಿನಲ್ಲಿ ನೋಡಿದರೆ ಮಾನಕ ತನ್ನ ಭಕ್ತರಿಗಿಂತ ಹೆಚ್ಚು ವಿವೇಕಿ.

ಆಡಿಟ್ ಎಂಬ ಶಬ್ದಕ್ಕೆ ಮೂಲವಾದ ಲ್ಯಾಟಿನ್ ಧಾತುವಿನ ಅರ್ಥ ಕೇಳಿಸಿಕೊಳ್ಳುವುದು. ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕಿವಿಗೊಡುವುದೇ ಮೊದಲಿನ ಪದ್ಧತಿಯಾಗಿತ್ತು. ವಿಚಿತ್ರವೆಂದರೆ ಆ ಮೂಲಾರ್ಥ ಇಂದು ಉಳಿದಿರುವುದು ಕಾರ್ಖಾನೆಯ ಒಳಗಲ್ಲ, ಹೊರಗಿನ ಹಳ್ಳಿಯಲ್ಲಿ. 2005ರ ಉದ್ಯೋಗ ಖಾತರಿ ಕಾಯಿದೆಯ 17ನೆಯ ಕಲಮಿನಂತೆ ನಡೆಯುತ್ತ ಬಂದ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ, ಕೆಲಸ ಮಾಡಿದವರ ಹೆಸರು ಮತ್ತು ಕೂಲಿಯನ್ನು ಎಲ್ಲರೆದುರು ಓದಿ ಹೇಳುವ ರೂಢಿಯುಂಟು. ಸತ್ತವನ ಹೆಸರು ಕೂಲಿಯ ಪಟ್ಟಿಯಲ್ಲಿ ಬಂದಾಗ ಹಿಂದಿನ ಸಾಲಿನಿಂದ ಏಳುವ ಕೆಮ್ಮಿಗೆ ಇರುವ ಶಕ್ತಿ ಯಾವ ಎನ್‌ಸಿಗೂ ಇಲ್ಲ. ಕಾರ್ಖಾನೆಯಲ್ಲಾದರೆ ಆಡಿಟರ್ ಬರುವ ಮುನ್ನವೇ, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಕಾರ್ಮಿಕರಿಗೆ ಬುದ್ಧಿ ಹೇಳಿರುತ್ತಾರೆ. ಗುಣಮಟ್ಟದ ಧ್ಯೇಯವಾಕ್ಯವೇನು ಎಂಬ ಪ್ರಶ್ನೆಗೆ ಚೌಕಟ್ಟು ಹಾಕಿದ ಇಂಗ್ಲಿಷ್ ಹಾಳೆಯ ಕಡೆ ಕೈತೋರಿಸಿ ಸುಮ್ಮನಾಗುವ ಹೆಲ್ಪರನಿಗೆ, ಪಂಪಿನ ಸಪ್ಪಳ ಬದಲಾದರೆ ಬೇರಿಂಗ್ ಹೋಗುವ ದಿನ ಹತ್ತಿರ ಬಂತೆಂದು ತಿಳಿಯುತ್ತದೆ. ಅದನ್ನು ಅವನಿಂದ ಯಾರೂ ಕೇಳುವುದಿಲ್ಲ. ಅತ್ತೆಗೆ ರೊಟ್ಟಿಯ ಸಪ್ಪಳ ತಿಳಿಯುತ್ತಿದ್ದ ವಿದ್ಯೆಯೇ ಇದು.

2012ರಲ್ಲಿ ಹಾಕಿದ ಮಾದರಿಯಂತೆ ಐಎಸ್‌ಒದ ಈ ಎಲ್ಲ ನಿರ್ವಹಣಾ ಮಾನಕಗಳಿಗೂ ಹತ್ತು ಕಲಮುಗಳ ಒಂದೇ ಅಸ್ಥಿಪಂಜರವಿದ್ದು, ಅದರಲ್ಲಿ ನಾಲ್ಕನೆಯ ಕಲಂ ಬಹಳ ಸ್ವಾರಸ್ಯಕರವಾದುದು. ಸಂಸ್ಥೆಯು ಯಾವ ಪರಿಸರದಲ್ಲಿ ನಿಂತಿದೆ, ಅದರಿಂದ ಬಾಧಿತರಾಗುವ ‘ಹಿತಾಸಕ್ತರು’ ಯಾರು, ಅವರ ಅಪೇಕ್ಷೆಗಳೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕೆಂದು ಅದು ವಿಧಿಸುತ್ತದೆ. 2024ರ ಫೆಬ್ರವರಿಯ ತಿದ್ದುಪಡಿಯಲ್ಲಿ, ಹವಾಮಾನ ಬದಲಾವಣೆ ತನಗೆ ಸಂಬಂಧಿಸಿದ ವಿಷಯವೇ ಎಂದು ಪ್ರತಿ ಸಂಸ್ಥೆಯೂ ನಿರ್ಧರಿಸಬೇಕೆಂಬ ಸಾಲೂ ಸೇರಿತು. ಪಾದರಸ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಕಡೇಚೂರಿಗೆ ಬಂದ ಆಡಿಟರ್ ಈ ಪ್ರಶ್ನೆಗೆ ಸಾಕ್ಷ್ಯ ಕೇಳಿದ ಪಕ್ಷದಲ್ಲಿ, ಅವನನ್ನು ಎರಡು ನಿಮಿಷ ಅಂಗಳದಲ್ಲಿ ನಿಲ್ಲಿಸಿದರೆ ಸಾಕು.

ಹಿತಾಸಕ್ತರ ಪಟ್ಟಿಯಲ್ಲಿ ಗ್ರಾಹಕರು, ಬ್ಯಾಂಕು, ಸರ್ಕಾರ, ಷೇರುದಾರರು ಎಂದು ಬರೆದ ಮೇಲೆ ಕೊನೆಯಲ್ಲಿ ‘ನೆರೆಹೊರೆಯವರು’ ಎಂಬ ಒಂದು ಶಬ್ದ ಬರುತ್ತದೆ. ಕಡೇಚೂರಿನ ಕೈಗಾರಿಕಾ ಪ್ರದೇಶದಿಂದ ಹೊಮ್ಮುವ ದುರ್ವಾಸನೆಯ ಬಗೆಗೆ ಸುತ್ತಲಿನ ಹಳ್ಳಿಗಳವರ ದೂರುಗಳು ಪತ್ರಿಕೆಗಳಲ್ಲಿ ಬಂದಿರುವುದರಿಂದ, ಆ ಶಬ್ದದ ಹಿಂದೆ ಕೆಲವು ಸಾವಿರ ಮೂಗುಗಳಿವೆ ಎನ್ನಬೇಕು. ಮೂಗಿನ ಸಾಕ್ಷ್ಯಕ್ಕೆ ಅಳತೆ ಎಲ್ಲಿದೆ ಎಂದು ಕೇಳುವವರಿಗೆ ಯೂರೋಪಿನ ಇಎನ್ 13725 ಎಂಬ ಮಾನಕದಲ್ಲಿ ಉತ್ತರವಿದೆ. ಅದರಂತೆ ವಾಸನೆಯ ಗಾಳಿಗೆ ಶುದ್ಧ ಗಾಳಿ ಬೆರೆಸುತ್ತಾ, ಮನುಷ್ಯರ ಒಂದು ತಂಡಕ್ಕೆ ಮೂಸಿಸಿ, ಅರ್ಧದಷ್ಟು ಜನಕ್ಕೆ ಮಾತ್ರ ವಾಸನೆ ತಿಳಿಯುವ ಬಿಂದುವನ್ನು ಹಿಡಿಯುತ್ತಾರೆ. ತಂಡದ ಮೂಗುಗಳಿಗೂ ಕ್ಯಾಲಿಬ್ರೇಷನ್ ಉಂಟು: ಬ್ಯುಟನಾಲ್ ಎಂಬ ದ್ರವದ ಆವಿಯನ್ನು ನೂರು ಕೋಟಿ ಭಾಗ ಗಾಳಿಯಲ್ಲಿ 20ರಿಂದ 80 ಭಾಗಗಳಷ್ಟಿದ್ದಾಗ ಗುರುತಿಸುವ ಮೂಗೇ ಪಾಸು, ಮೊಂಡು ಮೂಗಿನಂತೆ ಅತಿ ಚುರುಕು ಮೂಗೂ ಫೇಲು. ಪರೀಕ್ಷೆಗೆ ಅರ್ಧ ಗಂಟೆ ಮುಂಚಿನಿಂದ ಏನನ್ನೂ ತಿನ್ನಬಾರದೆಂಬ ನಿಯಮವೂ ಇರುವುದರಿಂದ, ಖಡಕ್ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿದು, ಮೇಲೆ ಎಲೆಅಡಿಕೆ ಹಾಕಿಕೊಂಡು ಬಂದ ಕಡೇಚೂರಿನ ಮೂಗು ಬಾಗಿಲಲ್ಲಿಯೇ ಅನರ್ಹವಾಗುತ್ತದೆ.

ಆದರೂ ಆ ಮೂಗಿನ ಒಡೆಯರು ತಮ್ಮದೇ ಆದ ಕಣ್ಗಾವಲನ್ನು ಬಿಟ್ಟಿಲ್ಲ. ಆಡಿಟ್ಟಿನ ಸಮಾರೋಪ ಸಭೆ ಮುಗಿದು, ಕೇವಲ ಎರಡು ಚಿಕ್ಕ ಎನ್‌ಸಿಗಳೆಂದು ಕಾರ್ಖಾನೆಯೊಳಗೆ ಕೈಕುಲುಕುವ ಹೊತ್ತಿಗೆ ಸಂಜೆಯ ಗಾಳಿ ದಿಕ್ಕು ಬದಲಿಸಿರುತ್ತದೆ. ಆಡಿಟರ ಕಾರು ಗೇಟು ದಾಟಿ ಸೈದಾಪುರದ ಕಡೆ ತಿರುಗುವಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತವರ ಕಣ್ಣು ಕಾರಿನ ನಂಬರಿನ ಮೇಲಿರುವುದಿಲ್ಲ, ಕಿಟಕಿಯ ಮೇಲಿರುತ್ತದೆ. ಗಾಜು ಸರ್ರನೆ ಮೇಲೇರಿದ ಕೂಡಲೇ ಅವರಲ್ಲೊಬ್ಬರು ಬಸಿಯಲ್ಲಿದ್ದ ಚಹಾ ಮುಗಿಸಿ, “ನೋಡ್ರಿ, ಸಾಹೇಬರಿಗೂ ಬಂದದ” ಎನ್ನುತ್ತಾರೆ.